ಡ್ರಾಕುಲಾ ಯಾಕೆ ನೀಲಿಯಾದ?

ಪ್ರಶ್ನೆ: 1990ರ ಸುಮಾರಿಗೆ ನಮ್ಮೂರಿನ ವಿಡಿಯೊ ಲೈಬ್ರರಿಯಿಂದ ಕ್ಯಾಸೆಟ್ ತಂದು ಕ್ರಿಸ್ಟೊಫರ್ ಲೀ ನಟಿಸಿದ 1958ರ ‘ಡ್ರಾಕುಲಾ’ ನೋಡಿದ್ದೆ. ಲೈಬ್ರರಿ ಮುಚ್ಚುವಾಗ ಆ ಕ್ಯಾಸೆಟ್ಟನ್ನೇ ಕೊಂಡುಕೊಂಡೆ. ಮೊನ್ನೆ ಲಂಡನ್ನಿನಿಂದ ಬಂದ ಅಕ್ಕನ ಮಗ ಅದೇ ಸಿನಿಮಾದ ಬ್ಲೂ-ರೇ ಡಿಸ್ಕ್ ಹಾಕಿ ತೋರಿಸಿದ. ಪ್ಲೇಯರನ್ನೂ ಅವನೇ ಹೊತ್ತು ತಂದಿದ್ದ. ನೋಡಿದರೆ ಸಿನಿಮಾನೇ ಬೇರೆ! ಕೊನೆಯಲ್ಲಿ ನಾನು ಯಾವತ್ತೂ ನೋಡದ ದೃಶ್ಯ ಇದೆ. ಆದರೆ ಎಲ್ಲವನ್ನೂ ನೀಲಿಯಲ್ಲಿ ಅದ್ದಿ ತೆಗೆದ ಹಾಗಿದೆ. ಇದರಲ್ಲಿ ಅಸಲಿ ಯಾವುದು? ಬೇರೆ ಯಾವ ಹಳೇ ಬ್ರಿಟಿಷ್ ಹಾರರ್ ಸಿನಿಮಾಗಳನ್ನು ಹೀಗೆ ಮತ್ತೆ ನೋಡಬಹುದು? ಹಳೇ ಕ್ಯಾಸೆಟ್ಟು ಎಸೆದುಬಿಡಲಾ?
– ಒಬ್ಬ ಓದುಗರು, ಸಾಗರ

ಉತ್ತರ: ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ನೆನಪಿಗೂ ಏನೂ ಆಗಿಲ್ಲ. 1990ರಲ್ಲಿ ನೀವು ನೋಡಿದ್ದು ಹೆಚ್ಚುಕಮ್ಮಿ ಬೇರೆಯದೇ ಸಿನಿಮಾ. ಆದರೆ ಅಳಿಯ ತೋರಿಸಿದ್ದೂ ಪೂರ್ತಿ ಅಸಲಿ ಅಂತ ನಾನು ಹೇಳಲಾರೆ. ಯಾಕೆ ಅಂತ ಹೇಳಬೇಕಾದರೆ ಮೊದಲು ನಿಮ್ಮ ಕ್ಯಾಸೆಟ್ಟಿನ ಜಾತಕ ಬಿಡಿಸಬೇಕು.

ಥಿಯೇಟರಿನಲ್ಲಿ ಓಡಿ ಓಡಿ ಸವೆದ ಒಂದು ಪ್ರಿಂಟು. ಅದರಿಂದ ಟಿವಿಗೆ ಅಂತ ಮಾಡಿದ ಟೇಪು. ಆ ಟೇಪಿನಿಂದ ಕ್ಯಾಸೆಟ್, ಆ ಕ್ಯಾಸೆಟ್ಟಿನಿಂದ ಇನ್ನೊಂದು. ನಮ್ಮ ಕಡೆ ಲೈಬ್ರರಿಗಳಲ್ಲಿ ಸಿಗುತ್ತಿದ್ದದ್ದು ಜಾಸ್ತಿ ಈ ಮೊಮ್ಮಕ್ಕಳ ಸಾಲಿನ ಕಾಪಿಗಳೇ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ವಿವರ ಸೋರಿ ಹೋಗುತ್ತದೆ. ಕಪ್ಪು ಕೆಸರಾಗುತ್ತದೆ. ಕೆಂಪು ಗೆರೆ ದಾಟಿ ಪಕ್ಕಕ್ಕೆ ಹರಡುತ್ತದೆ.

ವೇಗವೂ ಬೇರೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಇದ್ದ ಪಾಲ್ ಪದ್ಧತಿಯ ಟಿವಿಗೆ 25 ಬೇಕು. ಸುಲಭದ ದಾರಿ ಅಂತ ಟಿವಿಯವರು ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸಿಬಿಡುತ್ತಿದ್ದರು. ಶೇಕಡಾ 4ರಷ್ಟು. 82 ನಿಮಿಷದ ‘ಡ್ರಾಕುಲಾ’ 79 ನಿಮಿಷದೊಳಗೆ ಮುಗಿಯುತ್ತದೆ. ಮೂರು ನಿಮಿಷ ಹೋದರೆ ಹೋಗಲಿ, ದನಿಗಳೂ ಮೇಲಕ್ಕೆ ಏರುತ್ತವೆ. ಕ್ರಿಸ್ಟೊಫರ್ ಲೀ ಅವರ ಬಾವಿಯೊಳಗಿನಿಂದ ಬಂದ ಹಾಗಿರುವ ಗಂಟಲು ಅರ್ಧ ಸ್ವರ ಸಣ್ಣಗಾಗಿ ಕೇಳುತ್ತದೆ. ಕ್ಯಾಸೆಟ್ ಕಾಲದಲ್ಲಿ ಮಾತ್ರ ಅಲ್ಲ, ಡಿವಿಡಿ ಬಂದ ಮೇಲೂ ನಾವು ಹೀಗೇ ಕೇಳಿದ್ದು. ಬ್ಲೂ-ರೇನಲ್ಲಿ 24ಕ್ಕೆ 24 ಸರಿಯಾಗಿ ಓಡುತ್ತದೆ. ಮೊದಲ ಸಲ ಹಾಗೆ ಕೇಳಿದಾಗ ನಾನು ಪ್ಲೇಯರ್ ನಿಧಾನವಾಗಿದೆ ಅಂದುಕೊಂಡಿದ್ದೆ!

ಇನ್ನು ಬಣ್ಣ. ನಿಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ, ಸ್ವಲ್ಪ ನಿಧಾನವಾಗಿ ಬಿಡಿಸೋಣ.

‘ಡ್ರಾಕುಲಾ’ ಮಾಡಿದ್ದು ಹ್ಯಾಮರ್ ಅನ್ನುವ ಸಣ್ಣ ಕಂಪನಿ. ಸ್ಟುಡಿಯೊ ಅಂದರೆ ಥೇಮ್ಸ್ ನದಿ ದಂಡೆಯ ಬ್ರೇ ಅನ್ನುವ ಊರಿನ ಹತ್ತಿರ ಒಂದು ಹಳೇ ಬಂಗಲೆ, ಅದರ ಹಿತ್ತಿಲಲ್ಲಿ ನಾಲ್ಕು ಶೆಡ್ಡು. ಖರ್ಚು ಸುಮಾರು 81,000 ಪೌಂಡ್, ಆ ಕಾಲಕ್ಕೂ ಅಗ್ಗದ ಚಿತ್ರವೇ. ಸೆಟ್ ಹಾಕುತ್ತಿದ್ದ ಬರ್ನಾರ್ಡ್ ರಾಬಿನ್ಸನ್ ಒಂದು ಸಿನಿಮಾದ ಗೋಡೆಯನ್ನು ತಿರುಗಿಸಿ ನಿಲ್ಲಿಸಿ ಇನ್ನೊಂದು ಸಿನಿಮಾದ ಅರಮನೆ ಮಾಡುತ್ತಿದ್ದರು. ಈ ಬಡತನ ತೆರೆಯ ಮೇಲೆ ಕಾಣದ ಹಾಗೆ ಮಾಡಿದ್ದು ಕ್ಯಾಮೆರಾಮನ್ ಜ್ಯಾಕ್ ಆಶರ್. ಅವರು ದೀಪಗಳಿಗೆ ಬಣ್ಣದ ಹಾಳೆ ಕಟ್ಟುತ್ತಿದ್ದರು. ಕಂಬದ ಹಿಂದೆ ನೇರಳೆ, ಮೂಲೆಯಲ್ಲಿ ಹಸಿರು, ಮುಖಕ್ಕೆ ಜೇನಿನ ಬಣ್ಣ. ಒಂದೊಂದು ಶಾಟಿಗೂ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು ಅಂತಲೇ ಕೊನೆಗೆ ಹ್ಯಾಮರ್‌ನವರು ಅವರನ್ನು ಬಿಟ್ಟು, ಬೇಗ ಕೆಲಸ ಮುಗಿಸುವ ಆರ್ಥರ್ ಗ್ರಾಂಟ್ ಅವರನ್ನು ಹಿಡಿದರು. ಕ್ಯಾಸೆಟ್ಟಿನಲ್ಲಿ ಈ ನೇರಳೆ, ಹಸಿರು ಎಲ್ಲಾ ಸೇರಿ ಒಂದೇ ಕಂದು ಗಂಜಿ.

ಸಿನಿಮಾ ತೆಗೆದದ್ದು ಈಸ್ಟ್‌ಮನ್‌ಕಲರ್ ಫಿಲ್ಮಿನಲ್ಲಿ. ಒಂದೇ ಪಟ್ಟಿಯ ಮೇಲೆ ಮೂರು ಬಣ್ಣದ ಪದರ, ಅಗ್ಗ, ಬಳಸುವುದಕ್ಕೂ ಸುಲಭ. ಆದರೆ ಆ ಬಣ್ಣ ನಿಲ್ಲುವುದಿಲ್ಲ. ಹತ್ತಿಪ್ಪತ್ತು ವರ್ಷದಲ್ಲಿ ನೀಲಿ, ಹಸಿರು ಸತ್ತು ಪ್ರಿಂಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮನೆಯ ಹಳೇ ಆಲ್ಬಮ್ಮಿನಲ್ಲಿ 1970ರ ದಶಕದ ಕಲರ್ ಫೋಟೊ ಇದ್ದರೆ ತೆಗೆದು ನೋಡಿ. ಮದುಮಗಳ ಹಸಿರು ಸೀರೆ ಈಗ ಯಾವ ಬಣ್ಣ? ಅದೇ ಕತೆ. ಹಾಗಾಗಿ ಐವತ್ತು ಅರವತ್ತು ವರ್ಷದ ಮೇಲೆ ಇಂಥ ಸಿನಿಮಾವನ್ನು ದುರಸ್ತಿ ಮಾಡಲು ಕೂತವರಿಗೆ ಬಣ್ಣ ಸಿದ್ಧವಾಗಿ ಸಿಗುವುದಿಲ್ಲ, ಅದನ್ನು ಅವರು ತೀರ್ಮಾನ ಮಾಡಬೇಕು. ಹಳೇ ಟೆಕ್ನಿಕಲರ್ ಪ್ರಿಂಟು ಎಲ್ಲಾದರೂ ಉಳಿದಿದ್ದರೆ ಪುಣ್ಯ. ಅದರಲ್ಲಿ ಬಟ್ಟೆಗೆ ಅಚ್ಚು ಹಾಕಿದ ಹಾಗೆ ಬಣ್ಣ ಹಾಕಿರುತ್ತಾರೆ, ಮಾಸುವುದಿಲ್ಲ. ಅದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಬಹುದು. ಇಲ್ಲದಿದ್ದರೆ ಕತ್ತಲೆ ಕೋಣೆಯಲ್ಲಿ ಕೂತ ಒಬ್ಬರ ಅಭಿರುಚಿಯೇ ಬಣ್ಣ.

ನಿಮ್ಮ ಅಳಿಯನ ಡಿಸ್ಕು, ನೀವು ಹೇಳಿದ್ದನ್ನು ನೋಡಿದರೆ, 2013ರ ಬ್ರಿಟಿಷ್ ಡಿಸ್ಕೇ ಇರಬೇಕು. ಅದರ ಹಿಂದೆ ಒಂದು ಸ್ವಾರಸ್ಯದ ಕತೆ ಇದೆ.

ಬ್ರಿಟನ್ನಿನ ಸೆನ್ಸಾರ್ 1958ರಲ್ಲಿ ಈ ಸಿನಿಮಾಕ್ಕೆ ಕತ್ತರಿ ಹಾಕಿತ್ತು. ಜಪಾನಿಗೆ ಹೋದ ಪ್ರಿಂಟಿನಲ್ಲಿ ಆ ದೃಶ್ಯಗಳು ಇದ್ದವಂತೆ ಅಂತ ಅಭಿಮಾನಿಗಳು ದಶಕಗಟ್ಟಲೆ ಪಿಸುಗುಡುತ್ತಿದ್ದರು. ಅಂತೆಕಂತೆ ಅಂತ ತುಂಬ ಜನ ನಕ್ಕಿದ್ದೂ ಉಂಟು. ಆಮೇಲೆ ನೋಡಿದರೆ ಟೋಕಿಯೊದ ಸರ್ಕಾರಿ ಚಲನಚಿತ್ರ ಭಂಡಾರದಲ್ಲಿ ಅದು ನಿಜಕ್ಕೂ ಇತ್ತು. 1984ರಲ್ಲಿ ಅಲ್ಲಿ ಬೆಂಕಿ ಬಿದ್ದು ಮೊದಲ ಐದು ರೀಲು ಹೋಗಿದ್ದವು. 6ರಿಂದ 9ರವರೆಗಿನ ನಾಲ್ಕು ರೀಲು ಉಳಿದಿದ್ದವು, ಶಾಖಕ್ಕೆ ಸಿಕ್ಕಿ ಹಾಳಾದ ಸ್ಥಿತಿಯಲ್ಲಿ. ಜನ ಹುಡುಕುತ್ತಿದ್ದ ಕ್ಲೈಮ್ಯಾಕ್ಸ್ ಇದ್ದದ್ದೂ ಕೊನೆಯ ರೀಲುಗಳಲ್ಲೇ. ಇದಕ್ಕಿಂತ ಅದೃಷ್ಟ ಬೇಕಾ?

ಕ್ಲೈಮ್ಯಾಕ್ಸ್ ನಿಮಗೆ ನೆನಪಿರುತ್ತದೆ. ವ್ಯಾನ್ ಹೆಲ್ಸಿಂಗ್ ಪಾತ್ರದ ಪೀಟರ್ ಕುಶಿಂಗ್ ಉದ್ದನೆಯ ಮೇಜಿನ ಮೇಲೆ ಓಡಿ, ಹಾರಿ, ಕಿಟಕಿಯ ದಪ್ಪ ಪರದೆ ಕಿತ್ತು ಬೀಳಿಸುತ್ತಾರೆ. ಬೆಳಗಿನ ಬಿಸಿಲು ಒಳಗೆ ನುಗ್ಗುತ್ತದೆ. ಎರಡು ಮೇಣದಬತ್ತಿ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡಿ ಡ್ರಾಕುಲಾನನ್ನು ಬಿಸಿಲಿಗೆ ತಳ್ಳುತ್ತಾರೆ. ನಿಮ್ಮ ಕ್ಯಾಸೆಟ್ಟಿನಲ್ಲಿ ಆಮೇಲೆ ಕಾಲು ಬೂದಿಯಾಗುತ್ತದೆ, ಕೈ ಬೂದಿಯಾಗುತ್ತದೆ, ತಟ್ಟನೆ ಮುಗಿಯುತ್ತದೆ. ಜಪಾನಿನ ರೀಲಿನಲ್ಲಿ ನಡುವೆ ಇನ್ನೊಂದು ಶಾಟ್ ಇದೆ. ಡ್ರಾಕುಲಾ ತನ್ನ ಬೆರಳುಗಳನ್ನೇ ಮುಖದ ಮೇಲೆ ಎಳೆದುಕೊಳ್ಳುತ್ತಾನೆ. ಬೆರಳಿನ ಜೊತೆ ಚರ್ಮ ಕಿತ್ತು ಬರುತ್ತದೆ, ಹಾಲಿನ ಕೆನೆ ಸರಿದ ಹಾಗೆ. ಕೆಲವೇ ಸೆಕೆಂಡು. ಆದರೆ ಅಲ್ಲಿಯವರೆಗೆ ರಾಜಗಾಂಭೀರ್ಯದಲ್ಲಿದ್ದ ಈ ಮನುಷ್ಯ ನೋವಿನಲ್ಲಿ ಒದ್ದಾಡುವುದನ್ನು ನೋಡಿದರೆ, ಕುಶಿಂಗ್ ಮುಖದಲ್ಲಿರುವ ಸುಸ್ತಿಗೂ ಅರ್ಥ ಬರುತ್ತದೆ. ಡ್ರಾಕುಲಾ ಮೀನಾ ಅನ್ನುವ ಹೆಂಗಸಿನ ಕೋಣೆಗೆ ಬರುವ ದೃಶ್ಯವೂ ಇದೇ ರೀಲುಗಳಿಂದ ಒಂದು ಚೂರು ಉದ್ದವಾಗಿದೆ. ಅಲ್ಲಿ ಅವನು ಕಚ್ಚಲು ಆತುರಪಡುವುದಿಲ್ಲ, ಕೆನ್ನೆ ಸವರುತ್ತಾ ಹತ್ತಿರ ಬರುತ್ತಾನೆ. ಸೆನ್ಸಾರಿನವರಿಗೆ ರಕ್ತಕ್ಕಿಂತ ಇದೇ ಜಾಸ್ತಿ ಚುಚ್ಚಿರಬೇಕು ಅಂತ ನನ್ನ ಅನುಮಾನ.

ಹೀಗೆ ದೃಶ್ಯ ಪೂರ್ತಿಯಾಯಿತು, ಬಣ್ಣ ಮಾತ್ರ ನೀಲಿಗೆ ಹೋಯಿತು. ಆ ಡಿಸ್ಕಿನ ಬಣ್ಣ ಕಂಡು ಹಳೇ ಅಭಿಮಾನಿಗಳು ಆಗಲೇ ಗಲಾಟೆ ಎಬ್ಬಿಸಿದ್ದರು. ನನ್ನ ಅಭಿಪ್ರಾಯ ಕೇಳುತ್ತೀರಾ? ಅದು ತಪ್ಪು ಬಣ್ಣ. ಇವತ್ತಿನ ಹಾರರ್ ಸಿನಿಮಾಗಳ ತಣ್ಣನೆಯ ನೋಟವನ್ನು ಹಳೇ ಸಿನಿಮಾದ ಮೇಲೆ ಹೊದಿಸಿದ್ದಾರೆ. ಆಶರ್ ಅವರ ಜೇನುಬಣ್ಣ ಅಲ್ಲಿ ಬದುಕುವುದಿಲ್ಲ. ಶುರುವಿನಲ್ಲೇ ನೋಡಿ, ಶವಪೆಟ್ಟಿಗೆಯ ಮೇಲೆ ಡ್ರಾಕುಲಾ ಅಂತ ಹೆಸರು ಕೆತ್ತಿದ ಫಲಕದ ಮೇಲೆ ರಕ್ತ ತೊಟ್ಟಿಕ್ಕುತ್ತದಲ್ಲ, ಅದು ಕಣ್ಣಿಗೆ ಹೊಡೆಯುವ ಕೆಂಪಾಗಿರಬೇಕು. ರಕ್ತ ಹಾಗೆ ಇರುವುದಿಲ್ಲ, ನಿಜ. ಆದರೆ ಅಲ್ಲಿಯವರೆಗೆ ಡ್ರಾಕುಲಾ ಅಂದರೆ ಕಪ್ಪುಬಿಳುಪು ಸಿನಿಮಾ ಅಂದುಕೊಂಡಿದ್ದ ಜನರಿಗೆ ಆ ಕೆಂಪೇ ಪೆಟ್ಟು.

ಇದಕ್ಕೂ ಮೊದಲು, 2007ರಲ್ಲಿ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಒಂದು ದುರಸ್ತಿ ಮಾಡಿತ್ತು. ಅದನ್ನು ಆಧರಿಸಿ 2018ರಲ್ಲಿ ಅಮೆರಿಕದ ವಾರ್ನರ್ ಆರ್ಕೈವ್ ಒಂದು ಬ್ಲೂ-ರೇ ತಂದಿತು. ಅದರ ಬಣ್ಣ ಬೆಚ್ಚಗಿದೆ. ಕತ್ತಲು ಒಂದು ಕೈ ಜಾಸ್ತಿ ಅನ್ನಿಸಬಹುದು, ಆದರೆ ಮುಖಗಳು ಮುಖಗಳ ಹಾಗೆ ಕಾಣುತ್ತವೆ. ಜಪಾನಿನ ದೃಶ್ಯಗಳು ಅದರಲ್ಲಿ ಇಲ್ಲ. ಅಂದರೆ ಒಂದರಲ್ಲಿ ದೃಶ್ಯ ಪೂರ್ತಿ, ಇನ್ನೊಂದರಲ್ಲಿ ಬಣ್ಣ ವಾಸಿ. ನಾನು ಮನೆಗೆ ಬಂದವರಿಗೆ ವಾರ್ನರ್ ಡಿಸ್ಕ್ ಹಾಕಿ ತೋರಿಸುತ್ತೇನೆ. ಆಮೇಲೆ ಬ್ರಿಟಿಷ್ ಡಿಸ್ಕ್ ಹಾಕಿ ಆ ಮುಖ ಕಿತ್ತುಕೊಳ್ಳುವ ಶಾಟು ಮಾತ್ರ ತೋರಿಸುತ್ತೇನೆ. ಅಳಿಯನಿಗೆ ಹೇಳಿ, ಅವನ ಡಿಸ್ಕಿನಲ್ಲಿ ಆ ನಾಲ್ಕು ಜಪಾನಿ ರೀಲುಗಳನ್ನು ದುರಸ್ತಿ ಮಾಡದೆ ಇದ್ದ ಹಾಗೇ ಬೇರೆಯಾಗಿ ಕೊಟ್ಟಿದ್ದಾರೆ. ಗೀರು, ಕಲೆ, ಜಪಾನಿ ಅಕ್ಷರ ಎಲ್ಲದರ ಜೊತೆಗೆ. ನನಗೆ ಇಡೀ ಸೆಟ್ಟಿನಲ್ಲಿ ಇಷ್ಟವಾದದ್ದು ಅದೇ.

‘ಡ್ರಾಕುಲಾ’ಗಿಂತ ಒಂದು ವರ್ಷ ಮೊದಲು ಇದೇ ನಿರ್ದೇಶಕ ಟೆರೆನ್ಸ್ ಫಿಶರ್, ಇದೇ ಕುಶಿಂಗ್ ಮತ್ತು ಲೀ ಸೇರಿ ಮಾಡಿದ್ದು ‘ದಿ ಕರ್ಸ್ ಆಫ್ ಫ್ರಾಂಕನ್‌ಸ್ಟೈನ್’. 1957. ಹ್ಯಾಮರ್‌ಗೆ ಹೆಸರು ತಂದ ಚಿತ್ರ. ಅದರ 2012ರ ಬ್ರಿಟಿಷ್ ಬ್ಲೂ-ರೇ ಹಾಕಿದಾಗ ಕನ್ನಡಕ ಒರೆಸಿಕೊಂಡಿದ್ದೆ, ಅಷ್ಟು ಮಸುಕು. 2020ರಲ್ಲಿ ವಾರ್ನರ್ ಆರ್ಕೈವ್‌ನವರು ಬೇರೆಯದೇ ಮೂಲ ಹಿಡಿದರು. ಸಿನಿಮಾ ಕಂಪನಿಗಳು ಬಣ್ಣ ಮಾಸುತ್ತದೆ ಅನ್ನುವ ಭಯಕ್ಕೆ ಕೆಲವು ಚಿತ್ರಗಳನ್ನು ಮೂರು ಕಪ್ಪುಬಿಳುಪು ಪಟ್ಟಿಗಳಾಗಿ ಒಡೆದು ಇಡುತ್ತಿದ್ದವು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಕಪ್ಪುಬಿಳುಪಿನಲ್ಲಿ ಇರುವುದು ಬೆಳ್ಳಿ, ಅದು ಮಾಸುವುದಿಲ್ಲ. ಮೂರನ್ನೂ ಒಂದರ ಮೇಲೊಂದು ಕೂಡಿಸಿದರೆ ಮೊದಲಿನ ಬಣ್ಣ ವಾಪಸ್. ತೊಂದರೆ ಏನೆಂದರೆ ಮೂರೂ ಪಟ್ಟಿ ಕಾಲಕ್ಕೆ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಕೂದಲೆಳೆಯಷ್ಟು ಸರಿದರೂ ಮುಖದ ಅಂಚಿಗೆ ಬಣ್ಣದ ಗೆರೆ ಬರುತ್ತದೆ, ಕ್ಯಾಲೆಂಡರಿನಲ್ಲಿ ದೇವರ ತುಟಿಯ ಕೆಂಪು ಗಲ್ಲಕ್ಕೆ ಅಚ್ಚಾದ ಹಾಗೆ. ಈಗ ಒಂದೊಂದನ್ನೂ 4ಕೆ, ಅಂದರೆ ತುಂಬ ಸೂಕ್ಷ್ಮ ವಿವರ ಹಿಡಿಯುವ ಅಳತೆಯಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಹೊಂದಿಸಬಹುದು. ಹಾಗೆ ಮಾಡಿದ ಈ ಡಿಸ್ಕಿನಲ್ಲಿ ಫ್ರಾಂಕನ್‌ಸ್ಟೈನನ ಪ್ರಯೋಗಶಾಲೆ ನೋಡಿ. ಗಾಜಿನ ಬುಡ್ಡಿಗಳ ಹಸಿರು, ಕೆಂಪು ದ್ರವಗಳು ಜಾತ್ರೆಯ ಶರಬತ್ತಿನಂತೆ ಹೊಳೆಯುತ್ತವೆ. ಕುಶಿಂಗ್ ಅವರ ಕೈ ನೋಡಿ. ಆ ಮನುಷ್ಯ ಮಾತಾಡುವಾಗ ಸುಮ್ನೆ ನಿಲ್ಲುವುದೇ ಇಲ್ಲ, ಯಾವುದೋ ಉಪಕರಣ ಎತ್ತುತ್ತಾರೆ, ಒರೆಸುತ್ತಾರೆ, ಇಡುತ್ತಾರೆ. ಆ ಕೈಕೆಲಸ ಕ್ಯಾಸೆಟ್ಟಿನಲ್ಲಿ ಕಂಡದ್ದೇ ಇಲ್ಲ.

ಹಾಗಾಗಿ ಡಿಸ್ಕಿನ ಡಬ್ಬಿ ಕೈಗೆ ಬಂದಾಗ 4ಕೆ ಅನ್ನುವ ಚಿನ್ನದ ಅಕ್ಷರ ನೋಡಿ ಮರುಳಾಗಬೇಡಿ. ಡಬ್ಬಿ ತಿರುಗಿಸಿ, ಯಾವುದರಿಂದ ಮಾಡಿದ್ದು ಅಂತ ಓದಿ. ಮೂಲ ನೆಗೆಟಿವ್, ಅಂದರೆ ಕ್ಯಾಮೆರಾದಲ್ಲೇ ಓಡಿದ ಫಿಲ್ಮು, ಅಂತ ಇದ್ದರೆ ಒಳ್ಳೆಯದು. ‘ಹೈ ಡೆಫಿನಿಷನ್ ಮಾಸ್ಟರ್’ ಅಂತ ಮಾತ್ರ ಇದ್ದರೆ ಹತ್ತು ಹದಿನೈದು ವರ್ಷದ ಹಳೇ ಸರಕು ಇರಬಹುದು.

ಇನ್ನು ಬೇರೆ ಚಿತ್ರಗಳು. ಒಂದೇ ಒಂದು ಕೊಳ್ಳುತ್ತೇನೆ ಅಂದರೆ ನಾನು ಹ್ಯಾಮರ್ ಬಿಟ್ಟು ಜ್ಯಾಕ್ ಕ್ಲೇಟನ್ ನಿರ್ದೇಶನದ 1961ರ ‘ದಿ ಇನ್ನೊಸೆಂಟ್ಸ್’ ಹೇಳುತ್ತೇನೆ. ಕಪ್ಪುಬಿಳುಪು. ಹಳ್ಳಿಯ ಕಡೆಯ ದೊಡ್ಡ ಬಂಗಲೆ, ಇಬ್ಬರು ಅನಾಥ ಮಕ್ಕಳು, ಅವರನ್ನು ನೋಡಿಕೊಳ್ಳಲು ಬರುವ ಡೆಬೋರಾ ಕರ್. ಫಾಕ್ಸ್ ಕಂಪನಿಯವರು ಅಗಲ ಪರದೆಯ ಸಿನಿಮಾಸ್ಕೋಪಿನಲ್ಲೇ ತೆಗೆಯಬೇಕು ಅಂತ ಹಟ ಹಿಡಿದರು. ಕ್ಲೇಟನ್‌ಗೆ ಇಷ್ಟವಿರಲಿಲ್ಲ. ಒಬ್ಬಳೇ ಹೆಂಗಸು ಭಯಪಡುವ ಕತೆಗೆ ಇಷ್ಟು ಅಗಲ ಯಾಕೆ? ಕ್ಯಾಮೆರಾಮನ್ ಫ್ರೆಡಿ ಫ್ರಾನ್ಸಿಸ್ ಒಂದು ಉಪಾಯ ಮಾಡಿದರು. ಗಾಜಿನ ಫಿಲ್ಟರುಗಳ ಎರಡೂ ಬದಿಗೆ ಕೈಯಿಂದ ಬಣ್ಣ ಬಳಿದು ಕ್ಯಾಮೆರಾ ಮುಂದೆ ಇಟ್ಟರು. ಚಿತ್ರದ ಅಂಚುಗಳು ನಿಧಾನವಾಗಿ ಕತ್ತಲಿಗೆ ಜಾರಿದವು. ಡೆಬೋರಾ ಕರ್ ಮೇಣದಬತ್ತಿ ಹಿಡಿದು ಹಜಾರದಲ್ಲಿ ನಡೆದರೆ ಬೆಳಕು ನಡುವೆ ಮಾತ್ರ, ಎರಡೂ ಕಡೆಯಿಂದ ಕತ್ತಲು ಒತ್ತಿಕೊಂಡು ಬರುತ್ತದೆ. ನಮ್ಮ ಹಳೇ ತೊಟ್ಟಿಮನೆಯಲ್ಲಿ ಕರೆಂಟು ಹೋದ ರಾತ್ರಿ ಬುಡ್ಡಿದೀಪ ಹಿಡಿದು ಹಿತ್ತಿಲಿಗೆ ಹೋದವರಿಗೆ ಆ ಭಯ ಗೊತ್ತು.

ಈಗ ಯೋಚಿಸಿ. ಇದನ್ನು ಹಳೇ ಚೌಕದ ಟಿವಿಗೆ ಹೊಂದಿಸಲು ಎರಡೂ ಬದಿ ಕತ್ತರಿಸಿಬಿಟ್ಟರೆ? ನೂರರಲ್ಲಿ ನಲವತ್ತಕ್ಕೂ ಜಾಸ್ತಿ ಪಾಲು ಚಿತ್ರ ಕಸದ ಬುಟ್ಟಿಗೆ ಹೋಯಿತು. ಹೋದ ಪಾಲೇ ಹೆದರಿಸುವ ಪಾಲು. ಟಿವಿಯಲ್ಲಿ ಈ ಸಿನಿಮಾ ನೋಡಿ ‘ಏನೂ ಆಗುವುದೇ ಇಲ್ಲವಲ್ಲ’ ಅಂದವರ ತಪ್ಪಿಲ್ಲ. ಕೆರೆಯ ದೃಶ್ಯ ಒಂದಿದೆ. ಹಗಲು ಹೊತ್ತು, ಮಳೆ. ಆಚೆ ದಡದ ಜೊಂಡಿನ ನಡುವೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ನಿಂತಿದ್ದಾಳೆ. ಓಡಿ ಬರುವುದಿಲ್ಲ, ಕಿರುಚುವುದಿಲ್ಲ, ಸುಮ್ನೆ ನಿಂತಿರುತ್ತಾಳೆ. ಕೆಟ್ಟ ಕಾಪಿಯಲ್ಲಿ ಅದು ಕಂಬವೋ ಮೋಟುಮರವೋ ಗೊತ್ತಾಗುವುದಿಲ್ಲ. ಒಳ್ಳೆಯ ಡಿಸ್ಕಿನಲ್ಲಿ ಅವಳು ನಿಮ್ಮ ಕಡೆಯೇ ನೋಡುತ್ತಿರುವುದು ಗೊತ್ತಾಗುತ್ತದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಬ್ಲೂ-ರೇ ಇದೆ, ಅಮೆರಿಕದ ಕ್ರೈಟೀರಿಯನ್‌ನವರದ್ದೂ ಇದೆ. ಯಾವುದು ಸಿಕ್ಕರೂ ಸರಿ.

ಮೈಕೆಲ್ ಪವೆಲ್ ಅವರ ‘ಪೀಪಿಂಗ್ ಟಾಮ್’ 1960ರಲ್ಲಿ ಬಂದಾಗ ಲಂಡನ್ನಿನ ವಿಮರ್ಶಕರು ಹರಿದು ತಿಂದರು. ಅಷ್ಟು ದೊಡ್ಡ ನಿರ್ದೇಶಕನಿಗೆ ಬ್ರಿಟನ್ನಿನಲ್ಲಿ ಆಮೇಲೆ ಹೆಚ್ಚುಕಮ್ಮಿ ಕೆಲಸವೇ ಇಲ್ಲದ ಹಾಗಾಯಿತು. ಅದನ್ನು ಮತ್ತೆ ಜನರ ಮುಂದೆ ತಂದವರಲ್ಲಿ ಮಾರ್ಟಿನ್ ಸ್ಕಾರ್ಸೇಸಿ ಮುಖ್ಯರು. ಅವರ ಫಿಲ್ಮ್ ಫೌಂಡೇಷನ್ ಕೈಜೋಡಿಸಿ 2023ರಲ್ಲಿ ಮಾಡಿದ 4ಕೆ ದುರಸ್ತಿ ಈಗ ಡಿಸ್ಕಿನಲ್ಲಿ ಸಿಗುತ್ತದೆ. ಕಣ್ಣಿಗೆ ಹಬ್ಬ, ಮನಸ್ಸಿಗಲ್ಲ.

1957ರ ‘ನೈಟ್ ಆಫ್ ದಿ ಡೀಮನ್’ ಬೇರೆ ತರದ ಸಮಸ್ಯೆ. ಬ್ರಿಟನ್ನಿನ ಪೂರ್ತಿ ಸಿನಿಮಾ 96 ನಿಮಿಷ, ಅಮೆರಿಕಕ್ಕೆ ಹೆಸರು ಬದಲಿಸಿ 82 ನಿಮಿಷಕ್ಕೆ ಇಳಿಸಿದ್ದರು. 2018ರಲ್ಲಿ ಇಂಡಿಕೇಟರ್ ಅನ್ನುವ ಬ್ರಿಟಿಷ್ ಕಂಪನಿ ನಾಲ್ಕು ಬಗೆಯ ಆವೃತ್ತಿಗಳನ್ನು ಒಂದೇ ಡಬ್ಬಿಗೆ ಹಾಕಿ ಕೊಟ್ಟಿತು. ನಾಲ್ಕೂ ನೋಡಬೇಕಾ? ನನ್ನಂಥ ಹುಚ್ಚರು ನೋಡುತ್ತಾರೆ. ನೀವು 96 ನಿಮಿಷದ್ದು ನೋಡಿ.

ಚಿತ್ರ ಮಾತ್ರ ಅಲ್ಲ, ಸಂಗೀತವೂ ಕಳೆದುಹೋಗುತ್ತದೆ. ಮೈಕೆಲ್ ರೀವ್ಸ್ ಅವರ ‘ವಿಚ್‌ಫೈಂಡರ್ ಜನರಲ್’, 1968. ಮಾಟಗಾತಿಯರು ಅಂತ ಹಳ್ಳಿಯ ಹೆಂಗಸರನ್ನು ಹಿಡಿಸಿ ಕೊಲ್ಲಿಸುತ್ತಿದ್ದ 17ನೇ ಶತಮಾನದ ಮ್ಯಾಥ್ಯೂ ಹಾಪ್ಕಿನ್ಸನ ಕತೆ. ಆ ಪಾತ್ರದಲ್ಲಿ ವಿನ್ಸೆಂಟ್ ಪ್ರೈಸ್. ಪಾಲ್ ಫೆರಿಸ್ ಕೊಟ್ಟ ಸಂಗೀತ ಹಳೇ ಜಾನಪದ ಹಾಡಿನ ಹಾಗೆ ಮೆತ್ತಗಿದೆ. ಹಸಿರು ಗದ್ದೆ, ತಂಪು ಗಾಳಿ, ಇಂಪು ರಾಗ, ಅದರ ನಡುವೆ ಮನುಷ್ಯರ ಕ್ರೌರ್ಯ. ಸಿನಿಮಾದ ಜೀವ ಇರುವುದು ಆ ವಿರೋಧದಲ್ಲಿ. ಅಮೆರಿಕದ ವಿಡಿಯೊ ಕ್ಯಾಸೆಟ್ಟಿಗೆ ಬರುವಾಗ ಆ ಸಂಗೀತ ತೆಗೆದು ಸಿಂತಸೈಜರ್ ಹಾಕಿಬಿಟ್ಟರು. ಮದುವೆ ಮನೆಯ ಊಟಕ್ಕೆ ಆಸ್ಪತ್ರೆಯ ಗಂಜಿ ಬಡಿಸಿದ ಹಾಗೆ. ಅಮೆರಿಕದವರಿಗೆ ಸರಿಯಾದ ಸಂಗೀತದ ಡಿವಿಡಿ ಸಿಕ್ಕಿದ್ದು 2007ರಲ್ಲಿ. ರೀವ್ಸ್ ಈ ಚಿತ್ರ ಮಾಡಿದ ಮರುವರ್ಷವೇ ತೀರಿಕೊಂಡರು. ವಯಸ್ಸು 25.

ಸುಧಾರಣೆ ಅಂತ ಕೆಡಿಸಿದ್ದೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹ್ಯಾಮರ್‌ನ 1968ರ ‘ದಿ ಡೆವಿಲ್ ರೈಡ್ಸ್ ಔಟ್’ ನನಗೆ ತುಂಬ ಇಷ್ಟದ್ದು, ಲೀ ಅದರಲ್ಲಿ ಒಳ್ಳೆಯವರ ಕಡೆ. ಟ್ರಿಕ್ ಶಾಟುಗಳು ಮಾತ್ರ ಪೇಲವ, ಒಪ್ಪುತ್ತೇನೆ. 2012ರ ಬ್ರಿಟಿಷ್ ಬ್ಲೂ-ರೇ ಮಾಡಿದವರು ಅವುಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ‘ಚಂದ’ ಮಾಡಿದರು, ಹಳೆಯದನ್ನು ಡಿಸ್ಕಿನಲ್ಲಿ ಕೊಡಲೇ ಇಲ್ಲ. ಅಜ್ಜಿಯ ಫೋಟೊ ತೊಳೆದು ಕೊಡಿ ಅಂದರೆ ಹಲ್ಲು ಕಟ್ಟಿಸಿ ಕೊಟ್ಟ ಹಾಗಾಯಿತು. ಇದೇ ಜಾತಿಯ ಇನ್ನೊಂದು ತೊಂದರೆ, ಫಿಲ್ಮಿನ ಸಣ್ಣ ಸಣ್ಣ ಕಣಗಳನ್ನು ಕೊಳೆ ಅಂದುಕೊಂಡು ಕಂಪ್ಯೂಟರಿನಿಂದ ಉಜ್ಜಿಬಿಡುವುದು. ಕಣದ ಜೊತೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ ಎಲ್ಲಾ ಹೋಗಿ ನಟರು ಮೇಣದ ಗೊಂಬೆಗಳಾಗುತ್ತಾರೆ. ಚಿತ್ರದ ಮೇಲೆ ಸಣ್ಣಗೆ ಮರಳು ಅಲುಗಿದ ಹಾಗೆ ಕಂಡರೆ ಬೈಯಬೇಡಿ, ಅದೇ ಸಿನಿಮಾ.

ಹಾಗೆಯೇ, ಎಷ್ಟು ತೊಳೆದರೂ ಚೆನ್ನಾಗಿ ಕಾಣದ ಕೆಲವಿವೆ. ಫಿಶರ್ ಅವರ 1959ರ ‘ದಿ ಸ್ಟ್ರ್ಯಾಂಗ್ಲರ್ಸ್ ಆಫ್ ಬಾಂಬೆ’ ಥಗ್ಗರ ಕತೆ. ಥೇಮ್ಸ್ ದಂಡೆಯ ಅದೇ ಶೆಡ್ಡಿನಲ್ಲಿ ನಮ್ಮ ದೇಶ, ಮುಖಕ್ಕೆ ಕಂದು ಬಳಿದುಕೊಂಡ ನಟರು. ಡಿಸ್ಕ್ ಸ್ಪಷ್ಟವಾದಷ್ಟೂ ಬಣ್ಣ ಬಳಿದದ್ದು ಸ್ಪಷ್ಟ.

ಇನ್ನೊಂದು ಉಳಿಯಿತು. ‘ದಿ ವಿಕರ್ ಮ್ಯಾನ್’. ರಾಬಿನ್ ಹಾರ್ಡಿ ನಿರ್ದೇಶನ, 1973. ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಸ್ಕಾಟ್ಲೆಂಡಿನ ಒಂದು ದ್ವೀಪಕ್ಕೆ ಹೋಗುವ ಪೊಲೀಸಿನವನ ಕತೆ. ಕಂಪನಿಯವರಿಗೆ ಸಿನಿಮಾ ಹಿಡಿಸಲಿಲ್ಲ. 99 ನಿಮಿಷದ್ದನ್ನು 88ರ ಆಸುಪಾಸಿಗೆ ಕತ್ತರಿಸಿ, ಇನ್ನೊಂದು ಸಿನಿಮಾದ ಬಾಲಕ್ಕೆ ಕಟ್ಟಿ ಬಿಡುಗಡೆ ಮಾಡಿದರು. ಕತ್ತರಿಸಿದ ನೆಗೆಟಿವ್ ಆಮೇಲೆ ಸಿಗಲೇ ಇಲ್ಲ. ಹೊಸದಾಗಿ ಹಾಕುತ್ತಿದ್ದ ಹೆದ್ದಾರಿಯ ಅಡಿಯಲ್ಲಿ ಹೂತುಹೋಯಿತು ಅಂತ ಇವತ್ತಿಗೂ ಕತೆ ಹೇಳುತ್ತಾರೆ. ಆದರೆ ಕತ್ತರಿ ಹಾಕುವ ಮೊದಲೇ ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನ್ ಅವರ ಅಭಿಪ್ರಾಯ ಕೇಳಲು ಒಂದು ಪೂರ್ತಿ ಪ್ರಿಂಟು ಕಳಿಸಿದ್ದರು. ಆ ಪ್ರಿಂಟಿನಿಂದ ಮಾಡಿದ ವಿಡಿಯೊ ಟೇಪು ಉಳಿಯಿತು. 99 ನಿಮಿಷದ ಸಿನಿಮಾ ಇವತ್ತು ಇದೆ ಅಂದರೆ ಆ ಟೇಪಿನಿಂದ. ಆ ಆವೃತ್ತಿ ನೋಡುವಾಗ ಗಮನಿಸಿ. ಚಿತ್ರ ಥಳಥಳ ಹೊಳೆಯುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ ಮಂಜು ಮುಸುಕಿದಂತೆ ಮಂಕಾಗುತ್ತದೆ, ಮತ್ತೆ ಹೊಳೆಯುತ್ತದೆ. ಮಂಕಾದ ತುಂಡೆಲ್ಲಾ ಟೇಪಿನಿಂದ ಬಂದದ್ದು.

2013ರಲ್ಲಿ ಸ್ಟುಡಿಯೊ ಕನಾಲ್ ಕಂಪನಿ ಫೇಸ್‌ಬುಕ್ಕಿನಲ್ಲಿ ಜನರನ್ನು ಕೇಳಿ ಹುಡುಕಾಟ ಶುರು ಮಾಡಿತು. ಅಮೆರಿಕದ ಹಾರ್ವರ್ಡ್ ಫಿಲ್ಮ್ ಆರ್ಕೈವ್‌ನಲ್ಲಿ ಇನ್ನೊಂದು ಪ್ರಿಂಟು ಸಿಕ್ಕಿತು. 99 ನಿಮಿಷದ್ದಲ್ಲ, ನಡುವಿನದ್ದು. ಅದನ್ನೇ ತೊಳೆದು ‘ಫೈನಲ್ ಕಟ್’ ಅಂತ ಬಿಟ್ಟರು. ಕತ್ತರಿಸಿದವರು ಪೊಲೀಸಿನವನ ಎರಡು ರಾತ್ರಿಗಳನ್ನು ಒಂದೇ ಮಾಡಿದ್ದರು. ಇಲ್ಲಿ ಮೊದಲ ರಾತ್ರಿ ವಾಪಸ್ ಬಂದಿದೆ, ಹೆಂಡದಂಗಡಿಯಲ್ಲಿ ಊರವರೆಲ್ಲಾ ಮೆಲ್ಲಗೆ ಹಾಡುವ ಹಾಡಿನ ಜೊತೆಗೆ. ಆ ಹಾಡು ಕೇಳಿದ ಮೇಲೆ ದ್ವೀಪದ ಜನ ದುಷ್ಟರು ಅನ್ನಿಸುವುದೇ ಇಲ್ಲ, ಭಯ ಅದಕ್ಕೇ ಜಾಸ್ತಿ. 50 ವರ್ಷ ತುಂಬಿದ್ದಕ್ಕೆ 2023ರಲ್ಲಿ ಮೂರೂ ಆವೃತ್ತಿಗಳ 4ಕೆ ಸೆಟ್ಟು ಬಂದಿದೆ. ಇದರಲ್ಲಿ ಒಂದು ತಮಾಷೆ ನೋಡಿ. ಕತೆ ನಡೆಯುವುದು ಮೇ ತಿಂಗಳ ವಸಂತದಲ್ಲಿ, ಚಿತ್ರೀಕರಣ ಆದದ್ದು 1972ರ ಚಳಿ ಹಿಡಿಯುವ ಹೊತ್ತಿಗೆ. ಮರಗಳಿಗೆ ಕೃತಕ ಹೂ ಕಟ್ಟಿದ್ದರು. ಮಾತಾಡುವಾಗ ಬಾಯಿಂದ ಹಬೆ ಕಾಣಬಾರದು ಅಂತ ನಟರು ಮಂಜುಗಡ್ಡೆ ಚೀಪುತ್ತಿದ್ದರು. ಡಿಸ್ಕ್ ಇಷ್ಟು ಚೆನ್ನಾಗಿರುವಾಗ ಹೂವಿನ ಗುಟ್ಟು ರಟ್ಟು. ಸುಳ್ಳು ವಸಂತ ಕಟ್ಟಿಕೊಂಡು ಬದುಕುವ ಊರಿಗೆ ಅದು ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ.

ಈಗ ಕೊಳ್ಳುವ ಮಾತು. ಅಳಿಯ ಪ್ಲೇಯರ್ ಹೊತ್ತು ತಂದದ್ದು ಜಾಣತನ. ಬ್ಲೂ-ರೇ ಡಿಸ್ಕುಗಳಿಗೆ ವಲಯದ ಬೀಗ ಇದೆ. ಅಮೆರಿಕ ‘ಎ’, ಬ್ರಿಟನ್ ‘ಬಿ’, ಭಾರತ ‘ಸಿ’. ಬ್ರಿಟನ್ನಿನ ಡಿಸ್ಕ್ ನಮ್ಮ ಪ್ಲೇಯರಿನಲ್ಲಿ ಹೆಚ್ಚಾಗಿ ಓಡುವುದಿಲ್ಲ. ಎಲ್ಲಾ ವಲಯಕ್ಕೂ ಬಿಚ್ಚಿದ ಪ್ಲೇಯರ್ ಬೇಕು. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ಈ ಬೀಗ ಇಲ್ಲ, ಅದಕ್ಕೆ 4ಕೆ ಪ್ಲೇಯರ್ ಇದ್ದರೆ ಸಾಕು. ಆದರೆ ಅದೇ ಡಬ್ಬಿಯಲ್ಲಿ ಬರುವ ಬ್ಲೂ-ರೇಗೆ ಬೀಗ ಇರಬಹುದು, ನೋಡಿಕೊಳ್ಳಿ. ಇನ್ನು ಹ್ಯಾಮರ್ ಕಂಪನಿಯನ್ನು 2023ರಲ್ಲಿ ನಾಟಕ ನಿರ್ಮಾಪಕ ಜಾನ್ ಗೋರ್ ಕೊಂಡಿದ್ದಾರೆ, ಹಳೇ ಚಿತ್ರಗಳು ಒಂದೊಂದಾಗಿ 4ಕೆಯಲ್ಲಿ ಬರುತ್ತಿವೆ. ಆತುರ ಬೇಡ.

ಖರ್ಚಿಲ್ಲದ ಒಂದು ಕೆಲಸ ಇವತ್ತೇ ಮಾಡಿ. ಟಿವಿಯ ಸೆಟ್ಟಿಂಗ್‌ಗೆ ಹೋಗಿ, ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂತಿಂಗ್ ಅನ್ನುವುದನ್ನು ಆಫ್ ಮಾಡಿ. ಒಂದೊಂದು ಕಂಪನಿಯ ಟಿವಿಯಲ್ಲಿ ಒಂದೊಂದು ಹೆಸರು ಇರುತ್ತದೆ. ಅದು ಆನ್ ಇದ್ದರೆ ಡ್ರಾಕುಲಾ ಧಾರಾವಾಹಿಯ ಮಾವನ ಹಾಗೆ ಓಡಾಡುತ್ತಾನೆ. ಚಿತ್ರ ಪೂರ್ತಿ ಪರದೆ ತುಂಬದೆ ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿದರೆ ಹಾಗೇ ಬಿಡಿ, ಎಳೆದು ಹಿಗ್ಗಿಸಬೇಡಿ. ಮೊದಲಿನ ಮೋನೊ ಧ್ವನಿ ಕೊಟ್ಟಿದ್ದರೆ ಅದನ್ನೇ ಹಾಕಿ. ದೀಪ ಆರಿಸಿ ನೋಡಿ, ಇದು ಹೆದರಿಸುವುದಕ್ಕಲ್ಲ. ಆಶರ್ ಅವರ ನೇರಳೆ ಕಾಣಬೇಕಾದರೆ ಟ್ಯೂಬ್‌ಲೈಟ್ ಇರಬಾರದು ಅಷ್ಟೇ.

ಕ್ಯಾಸೆಟ್ಟಿನ ವಿಚಾರ. ಎಸೆಯಬೇಡಿ. ನಿಮ್ಮ ಕ್ಯಾಸೆಟ್ಟಿನಲ್ಲಿ ಯಾರೂ ನೋಡದ ದೃಶ್ಯ ಇದೆ ಅಂತಲ್ಲ, ಇರಲಿಕ್ಕಿಲ್ಲ. ಆದರೆ ‘ವಿಕರ್ ಮ್ಯಾನ್’ ಉಳಿದದ್ದು ಟೇಪಿನಲ್ಲಿ. ನಮ್ಮ ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ. ಸಾಗರದ ಮಳೆಗೆ ಟೇಪಿಗೆ ಬೂಷ್ಟು ಹಿಡಿಯುವುದು ಬೇಗ. ಡಬ್ಬಿಯಲ್ಲಿ ಹಾಕಿ, ಪುಸ್ತಕದ ಹಾಗೆ ನಿಲ್ಲಿಸಿ, ಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಬೆಳ್ಳಗೆ ಬೂಷ್ಟು ಕಂಡರೆ ವಿಸಿಆರಿಗೆ ಹಾಕಬೇಡಿ, ಹೆಡ್ಡೂ ಹಾಳಾಗುತ್ತದೆ.